ಬುರಿಟೊ, ಬೌಲ್, ಸೌಟಿನ ಜಗಳ: ಚಿಪೋಟ್ಲೆ ಮತ್ತು ಅದರ ಎದುರಾಳಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಓದಲೋ ಕೆಲಸಕ್ಕೋ ಬಂದ ನಮ್ಮವರು ಮೊದಲ ತಿಂಗಳಲ್ಲೇ ಚಿಪೋಟ್ಲೆ ಅನ್ನುವ ಬುರಿಟೊ ಹೋಟೆಲು ಸರಣಿಯ ಸಾಲಿನಲ್ಲಿ ಒಮ್ಮೆಯಾದರೂ ನಿಂತಿರುತ್ತಾರೆ. ಅನ್ನ ಸಿಗುತ್ತದೆ, ಕಾಳು ಸಿಗುತ್ತದೆ, ಖಾರ ಸಿಗುತ್ತದೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಊರಿಂದ ಬಂದವರು, ಬರಲಿರುವವರು, ಷೇರು ಕೊಂಡು ಕೈ ಸುಟ್ಟುಕೊಂಡವರು ನನ್ನನ್ನು ಕೇಳಿದ್ದನ್ನೆಲ್ಲ ಇಲ್ಲಿ ಒಂದೆಡೆ ಹಾಕಿದ್ದೇನೆ. ಸುದ್ದಿ ಇರುವ ಕಡೆ ಸುದ್ದಿ ಇದೆ, ನನ್ನ ಅಭಿಪ್ರಾಯ ಇರುವ ಕಡೆ ಅದೂ ಇದೆ.

ಮೊದಲು ಹೆಸರು. ಅದನ್ನು ಹೇಗೆ ಹೇಳಬೇಕು?

ಚಿ-ಪೋಟ್-ಲೇ. "ಚಿಪೋಲ್ಟೆ" ಅನ್ನುವವರು ಅಮೆರಿಕದವರಲ್ಲೂ ಬೇಕಾದಷ್ಟಿದ್ದಾರೆ, ನಾಚಿಕೆ ಬೇಡ. ಮೆಕ್ಸಿಕೊದ ಹಳೆಯ ನಾವಾಟ್ಲ್ ಭಾಷೆಯಿಂದ ಬಂದ ಮಾತು ಅದು. ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ ಅಂತ ಅರ್ಥ. ಹಲಪೇನ್ಯೊ ಕಾಯಿಯನ್ನು ಗಿಡದಲ್ಲೇ ಕೆಂಪಗೆ ಹಣ್ಣಾಗಲು ಬಿಟ್ಟು, ಕಟ್ಟಿಗೆ ಹೊಗೆ ಕೊಟ್ಟು ಒಣಗಿಸುತ್ತಾರೆ. ನಮ್ಮ ಬ್ಯಾಡಗಿ ಬಿಸಿಲಲ್ಲಿ ಒಣಗಿದರೆ ಇದು ಹೊಗೆಯಲ್ಲಿ. ಬ್ಯಾಡಗಿಯ ಮುತ್ತಜ್ಜಿ ಕೂಡ ಆ ಕಡೆಯವಳೇ ಅನ್ನಿ, ಪೋರ್ಚುಗೀಸರ ಹಡಗು ಹತ್ತಿ ನಮ್ಮಲ್ಲಿಗೆ ಬಂದವಳು.

ಬುರಿಟೊ ಅಂದ್ರೆ ಏನು, ಬೌಲ್ ಅಂದ್ರೆ ಏನು?

ಬುರಿಟೊ ಅಂದರೆ ಸ್ಪ್ಯಾನಿಷ್‌ನಲ್ಲಿ ಪುಟ್ಟ ಕತ್ತೆ. ಟಾರ್ಟಿಯಾ ಅನ್ನುವ ಚಪಾತಿಯಂಥ ದೊಡ್ಡ ಮೈದಾ ರೊಟ್ಟಿಯಲ್ಲಿ ಅನ್ನ, ಕಾಳು, ಮಾಂಸ ಅಥವಾ ತರಕಾರಿ, ಚೀಸ್, ಸಾಲ್ಸಾ ಅನ್ನುವ ಖಾರದ ಚಟ್ನಿ ಎಲ್ಲ ತುಂಬಿ ಸುತ್ತಿ, ಅಲ್ಯೂಮಿನಿಯಂ ಹಾಳೆಯಲ್ಲಿ ಮಡಚಿ ಕೊಡುತ್ತಾರೆ. ಇಷ್ಟು ದಪ್ಪದ, ಅನ್ನ ತುಂಬಿದ ಬುರಿಟೊ ಮೆಕ್ಸಿಕೊದ್ದಲ್ಲ, ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯದ್ದು. 1960ರ ದಶಕದಿಂದ ಅಲ್ಲಿ ಜನಪ್ರಿಯವಾಯಿತು.

ಬೌಲ್ ಅಂದರೆ ಅದೇ ಸಾಮಾನು, ಟಾರ್ಟಿಯಾ ಇಲ್ಲದೆ, ಒಂದು ಬಟ್ಟಲಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇನ್ನೂ ಕಲಸದ ಕಲಸನ್ನ. ಈಚೆಗೆ ಅಮೆರಿಕದ ಹುಡುಗರು ಇದನ್ನು ತಮಾಷೆಗೆ "ಸ್ಲಾಪ್ ಬೌಲ್" ಅನ್ನುತ್ತಾರೆ. ಎಲ್ಲ ಒಂದರ ಮೇಲೊಂದು ಸುರಿದ ಕಲಸುಮೇಲೋಗರ ಅನ್ನುವ ಹೀಯಾಳಿಕೆ ಅದು. ಬಿಸಿಬೇಳೆಬಾತ್ ತಿಂದು ಬೆಳೆದವರಿಗೆ ಇದರಲ್ಲಿ ಬೈಗುಳ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಇದನ್ನು ಶುರು ಮಾಡಿದ್ದು ಯಾರು? ಮೆಕ್ಸಿಕೊದವರಾ?

ಅಲ್ಲ. ಸ್ಟೀವ್ ಎಲ್ಸ್ ಅನ್ನುವ ಅಮೆರಿಕದ ಬಾಣಸಿಗ. ಅಡುಗೆ ಕಾಲೇಜಿನಲ್ಲಿ ಕಲಿತು, ಸ್ಯಾನ್ ಫ್ರಾನ್ಸಿಸ್ಕೊದ ಸ್ಟಾರ್ಸ್ ಎಂಬ ಹೆಸರುವಾಸಿ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ಮಿಷನ್ ಬುರಿಟೊ ರುಚಿ ಹತ್ತಿತು. ಅವನ ಆಸೆ ಇದ್ದದ್ದು ದೊಡ್ಡ ಮಟ್ಟದ ರೆಸ್ಟೋರೆಂಟ್ ತೆರೆಯಬೇಕು ಅಂತ. ಅದಕ್ಕೆ ಬೇಕಾದ ದುಡ್ಡು ಮಾಡಿಕೊಳ್ಳಲು ಬುರಿಟೊ ಅಂಗಡಿ ಹಾಕಿದ. 1993ರ ಜುಲೈನಲ್ಲಿ, ಡೆನ್ವರ್ ವಿಶ್ವವಿದ್ಯಾಲಯದ ಹತ್ತಿರ, ಮೊದಲು ಐಸ್‌ಕ್ರೀಂ ಅಂಗಡಿಯಾಗಿದ್ದ ಜಾಗದಲ್ಲಿ. ಬಂಡವಾಳ ಅಪ್ಪನಿಂದ ತಂದ 85,000 ಡಾಲರ್. ದಿನಕ್ಕೆ 107 ಬುರಿಟೊ ಮಾರಿದರೆ ಗಿಟ್ಟುತ್ತದೆ ಅನ್ನುವುದು ಅಪ್ಪ-ಮಗನ ಲೆಕ್ಕ. ಒಂದು ತಿಂಗಳಲ್ಲಿ ದಿನಕ್ಕೆ ಸಾವಿರ ದಾಟಿತು. ದೊಡ್ಡ ರೆಸ್ಟೋರೆಂಟ್ ಆಸೆ ಅಲ್ಲಿಗೆ ಮುಗಿಯಿತು.

ಇದು ಮೆಕ್‌ಡೊನಾಲ್ಡ್ಸ್ ಕಂಪನಿಯದ್ದಂತೆ, ನಿಜವೇ?

ಒಂದು ಕಾಲಕ್ಕೆ ನಿಜ. 1998ರಲ್ಲಿ ಮೆಕ್‌ಡೊನಾಲ್ಡ್ಸ್ ಹಣ ಹಾಕಿತು. ಬರಬರುತ್ತಾ ದೊಡ್ಡ ಪಾಲು ಅದರದ್ದೇ ಆಯಿತು. ಹದಿನೈದಿಪ್ಪತ್ತು ಅಂಗಡಿ ಇದ್ದದ್ದು 500 ದಾಟಿದ್ದು ಆ ಹಣದಿಂದಲೇ. ಆದರೆ ಸಂಸಾರ ಸರಿಹೋಗಲಿಲ್ಲ. ದೊಡ್ಡಣ್ಣ ಫ್ರಾಂಚೈಸಿ ಕೊಡಿ ಅನ್ನುತ್ತಿದ್ದ, ಎಲ್ಸ್ ಒಪ್ಪುತ್ತಿರಲಿಲ್ಲ. 2006ರ ಜನವರಿಯಲ್ಲಿ ಚಿಪೋಟ್ಲೆ 22 ಡಾಲರಿಗೆ ಷೇರು ಬಿಟ್ಟಿತು. ಮೊದಲ ದಿನವೇ ಬೆಲೆ ದುಪ್ಪಟ್ಟು. ಅದೇ ವರ್ಷ ಮೆಕ್‌ಡೊನಾಲ್ಡ್ಸ್ ಪೂರ್ತಿ ಹೊರಬಂತು. ಒಳ್ಳೆಯ ಲಾಭ ಮಾಡಿಕೊಂಡೇ ಹೊರಬಂತು, ಆದರೂ ಆಮೇಲೆ ಷೇರು ಏರಿದ್ದನ್ನು ನೋಡಿ ಕೈಕೈ ಹಿಸುಕಿಕೊಂಡಿರಬೇಕು.

ಅಮೆರಿಕದಲ್ಲಿ ಇವತ್ತಿಗೂ ಚಿಪೋಟ್ಲೆ ಫ್ರಾಂಚೈಸಿ ಕೊಡುವುದಿಲ್ಲ. "ಒಂದು ಚಿಪೋಟ್ಲೆ ಹಾಕೋಣ, ಎಷ್ಟಾಗುತ್ತೆ?" ಅಂತ ನನ್ನನ್ನು ಕೇಳುವ ಸೋದರಮಾವಂದಿರಿಗೆಲ್ಲ ಇದೇ ಉತ್ತರ.

"ಫಾಸ್ಟ್ ಕ್ಯಾಶುಯಲ್" ಅಂದರೆ ಯಾವ ಜಾತಿ?

ಮಾಣಿ ಬಂದು ಬಡಿಸುವ ಹೋಟೆಲೂ ಅಲ್ಲ, ಕಾರಿನಿಂದ ಇಳಿಯದೆ ಬರ್ಗರ್ ಎಸೆಸಿಕೊಳ್ಳುವ ಅಂಗಡಿಯೂ ಅಲ್ಲ. ಎರಡರ ನಡುವಿನದ್ದು. ನೀವೇ ಸಾಲಲ್ಲಿ ನಿಲ್ಲಬೇಕು, ಕೆಲವೇ ನಿಮಿಷದಲ್ಲಿ ಕೈಗೆ ಬರುತ್ತದೆ, ಸಾಮಾನು ಸ್ವಲ್ಪ ತಾಜಾ, ಬೆಲೆ ಸ್ವಲ್ಪ ಜಾಸ್ತಿ. ಬೆಂಗಳೂರಿನವರಿಗೆ ಸುಲಭವಾಗಿ ಹೇಳಬಹುದು: ದರ್ಶಿನಿ. ಕಣ್ಣೆದುರಿಗೇ ಅಡುಗೆ, ನಿಂತಲ್ಲೇ ಆರ್ಡರ್, ಬೇಗ ತಿಂದು ಜಾಗ ಖಾಲಿ ಮಾಡುವುದು. ಬೆಲೆ ಮಾತ್ರ ದರ್ಶಿನಿಯದ್ದಲ್ಲ.

ಆ ಸಾಲನ್ನು ಹತ್ತಿರದಿಂದ ನೋಡಿ. ಗಾಜಿನ ಆಚೆ ಉದ್ದಕ್ಕೆ ಸ್ಟೀಲ್ ಪಾತ್ರೆಗಳು. ಮೊದಲನೆಯವರು ಟಾರ್ಟಿಯಾವನ್ನು ಬಿಸಿ ಒತ್ತುಯಂತ್ರದಲ್ಲಿ ಮೆತ್ತಗೆ ಮಾಡುತ್ತಾರೆ. ಅನ್ನ, ಕಾಳು, ಮಾಂಸ ಅವರದ್ದೇ ಕೈ. ಮುಂದಿನವರು ಸಾಲ್ಸಾ, ಚೀಸ್, ಸೊಪ್ಪು. ಕೊನೆಯವರು ಸುತ್ತಿ, ಹಾಳೆಯಲ್ಲಿ ಬಿಗಿದು, ದುಡ್ಡು ತೆಗೆದುಕೊಳ್ಳುತ್ತಾರೆ. ನೀವು ಗಾಜಿನ ಈಚೆ ಅವರ ಜೊತೆಗೇ ಹೆಜ್ಜೆ ಹಾಕುತ್ತಾ "ಇನ್ನು ಸ್ವಲ್ಪ", "ಅದು ಬೇಡ" ಅನ್ನುತ್ತಾ ಹೋಗುತ್ತೀರಿ. ಈ "ಇನ್ನು ಸ್ವಲ್ಪ" ಇದೆಯಲ್ಲ, ಚಿಪೋಟ್ಲೆಯ ನಿಜವಾದ ಬಂಡವಾಳ ಅದೇ ಅಂತ ನನ್ನ ಎಣಿಕೆ. ಕೇಳಿದರೆ ಹಾಕುತ್ತಾರೆ ಅನ್ನುವ ನಂಬಿಕೆ. ಮುಂದೆ ಜಗಳ ಹತ್ತಿದ್ದೂ ಅಲ್ಲೇ.

ನಾನು ಸಸ್ಯಾಹಾರಿ. ತಿನ್ನಬಹುದಾ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಇವತ್ತಿನ ಉತ್ತರ: ತಿನ್ನಬಹುದು. ಅನ್ನಕ್ಕೆ ನಿಂಬೆರಸ, ಕೊತ್ತಂಬರಿ ಸೊಪ್ಪು ಹಾಕಿರುತ್ತಾರೆ. ಚಿತ್ರಾನ್ನದ ದೂರದ ನೆಂಟ ಅನ್ನಬಹುದು, ಒಗ್ಗರಣೆ ಇಲ್ಲ ಅಷ್ಟೆ. ಕಪ್ಪು ಕಾಳು, ಪಿಂಟೊ ಕಾಳು ಎರಡೂ ಸಸ್ಯಾಹಾರ. ಈರುಳ್ಳಿ, ದೊಣ್ಣೆಮೆಣಸಿನಕಾಯಿ ಹುರಿದದ್ದು ಇರುತ್ತದೆ. ಸೋಫ್ರಿಟಾಸ್ ಅಂತ ಪುಡಿ ಮಾಡಿದ ಖಾರದ ತೋಫು ಇರುತ್ತದೆ.

ಆದರೆ ಹಿಂದೆ ಹೀಗಿರಲಿಲ್ಲ. ಪಿಂಟೊ ಕಾಳನ್ನು ಹಂದಿಯ ಬೇಕನ್ ಹಾಕಿ ಬೇಯಿಸುತ್ತಿದ್ದರು. ಬರೀ ಕಾಳು ತಾನೇ ಅಂತ ತಿಂದವರು ಎಷ್ಟು ಜನವೋ. 2011ರಲ್ಲಿ ಹಂದಿಮಾಂಸ ತಿನ್ನದ ಒಬ್ಬ ಪತ್ರಕರ್ತ ಇದನ್ನು ಟ್ವಿಟ್ಟರ್‌ನಲ್ಲಿ ಎತ್ತಿದ. ಸ್ಟೀವ್ ಎಲ್ಸ್ ತಾನೇ ಕ್ಷಮೆ ಕೇಳಿದ. ಅಂಗಡಿಯ ಫಲಕದಲ್ಲಿ ಬೇಕನ್ ವಿಷಯ ಬರೆಸಿದರು. 2013ರಲ್ಲಿ ಕಾಳಿನಿಂದ ಬೇಕನ್ ತೆಗೆದೇ ಬಿಟ್ಟರು. ಅದಕ್ಕೂ ಮೊದಲು ಅಮೆರಿಕದಲ್ಲಿದ್ದ ನಿಮ್ಮ ಹಿರಿಯರಿಗೆ ಈ ವಿಷಯ ಹೇಳಬೇಕೋ ಬೇಡವೋ ನೀವೇ ಯೋಚಿಸಿ. ನಾನು ನಮ್ಮ ಚಿಕ್ಕಪ್ಪನಿಗೆ ಹೇಳಿಲ್ಲ.

ಒಂದು ಮಾತು ನೆನಪಿರಲಿ. ಮಾಂಸದ ಪಾತ್ರೆಗಳೂ ಕಾಳಿನ ಪಾತ್ರೆಗಳೂ ಅಕ್ಕಪಕ್ಕ ಇರುತ್ತವೆ. ಕೈಗವಸು ಬದಲಾಯಿಸಿ ಅಂತ ಕೇಳಿದರೆ ಬದಲಾಯಿಸುತ್ತಾರೆ. ಅಷ್ಟು ಮಡಿ ಇರುವವರು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗ್ವಾಕಮೋಲೆಗೆ ಯಾಕೆ ಬೇರೆ ದುಡ್ಡು?

ಗ್ವಾಕಮೋಲೆ ಅಂದರೆ ಕಿವುಚಿದ ಬೆಣ್ಣೆಹಣ್ಣು. ಆ ಹಣ್ಣು ದುಬಾರಿ, ಅದಕ್ಕೆ. ಕೊಡಗಿನವರಿಗೆ, ಬೆಂಗಳೂರಿನ ಜ್ಯೂಸ್ ಅಂಗಡಿಯ ಬಟರ್ ಫ್ರೂಟ್ ಗಿರಾಕಿಗಳಿಗೆ ಈ ಹಣ್ಣು ಹೊಸದಲ್ಲ. ನಾವು ಹಾಲು ಸಕ್ಕರೆ ಹಾಕಿ ರುಬ್ಬುತ್ತೇವೆ, ಇವರು ಉಪ್ಪು, ನಿಂಬೆ, ಈರುಳ್ಳಿ, ಕೊತ್ತಂಬರಿ, ಹಸಿ ಹಲಪೇನ್ಯೊ ಹಾಕಿ ಕಿವುಚುತ್ತಾರೆ. ಅಮೆರಿಕಕ್ಕೆ ಬರುವ ಹಣ್ಣು ಬಹುಪಾಲು ಮೆಕ್ಸಿಕೊದ ಮಿಚೋಕಾನ್ ಪ್ರಾಂತ್ಯದ್ದು. 2022ರ ಫೆಬ್ರುವರಿಯಲ್ಲಿ ಅಲ್ಲಿ ಅಮೆರಿಕದ ತಪಾಸಣಾಧಿಕಾರಿಯೊಬ್ಬರಿಗೆ ಬೆದರಿಕೆ ಬಂತು ಅಂತ ಆಮದನ್ನೇ ಕೆಲವು ದಿನ ನಿಲ್ಲಿಸಿದ್ದರು. ಹಣ್ಣಿನ ಹಿಂದೆ ಅಷ್ಟೊಂದು ರಾಜಕೀಯ ಇದೆ.

ಮಾಂಸ, ತೋಫು ಎರಡೂ ಇಲ್ಲದ ತರಕಾರಿ ಬೌಲ್ ತೆಗೆದುಕೊಂಡರೆ ಗ್ವಾಕಮೋಲೆ ಅದರ ಬೆಲೆಯಲ್ಲೇ ಬರುತ್ತದೆ. ಸಸ್ಯಾಹಾರಿಗಳಿಗೆ ಅಮೆರಿಕ ಕೊಟ್ಟ ಅಪರೂಪದ ರಿಯಾಯಿತಿ ಇದು.

ಬಡಿಸುವುದು ಕಮ್ಮಿ ಮಾಡಿದ್ದಾರಂತೆ. ನಿಜವಾ, ಸುಮ್ನೆ ಗಲಾಟೆಯಾ?

2024ರ ವಸಂತದಲ್ಲಿ ಟಿಕ್‌ಟಾಕ್ ತುಂಬ ಇದೇ ಮಾತು. ಜನ ಫೋನ್ ಹಿಡಿದು, ಕೆಲಸದವರ ಕೈಯನ್ನೇ ಚಿತ್ರೀಕರಿಸತೊಡಗಿದರು. ಕ್ಯಾಮೆರಾ ಇದ್ದರೆ ಸೌಟು ತುಂಬುತ್ತದೆ ಅನ್ನುವುದು ಅವರ ನಂಬಿಕೆ. ಆಗ ಮುಖ್ಯಸ್ಥನಾಗಿದ್ದ ಬ್ರಯನ್ ನಿಕ್ಕಲ್ ಬಡಿಸುವ ಪ್ರಮಾಣ ಕಡಿಮೆ ಮಾಡಿಲ್ಲ ಅಂದ. ಜಾಸ್ತಿ ಬೇಕಿದ್ದರೆ ಮುಖದಲ್ಲೇ ಒಂದು ಸನ್ನೆ ಮಾಡಿ, ಹಾಕುತ್ತಾರೆ ಅಂತ ಸೇರಿಸಿದ. ಆ ಸನ್ನೆಯೇ ಇನ್ನೊಂದಷ್ಟು ನಗೆಪಾಟಲಾಯಿತು.

ಆಗ ಒಂದು ಒಳ್ಳೆಯ ಕೆಲಸ ಆಯಿತು. ವೆಲ್ಸ್ ಫಾರ್ಗೊ ಬ್ಯಾಂಕಿನ ವಿಶ್ಲೇಷಕರು ನ್ಯೂಯಾರ್ಕಿನ 8 ಅಂಗಡಿಗಳಿಂದ ಒಂದೇ ಥರದ 75 ಬೌಲ್ ತರಿಸಿ ತೂಕಕ್ಕೆ ಹಾಕಿದರು. ಅರ್ಧ ಖುದ್ದು ನಿಂತು, ಅರ್ಧ ಆನ್‌ಲೈನ್‌ನಲ್ಲಿ. ನಿಂತು ತಂದ ಬೌಲ್‌ಗಳಲ್ಲಿ ಅತಿ ಭಾರದ್ದು ಅತಿ ಹಗುರದ್ದಕ್ಕಿಂತ 47% ಜಾಸ್ತಿ. ಆನ್‌ಲೈನ್ ಬೌಲ್‌ಗಳಲ್ಲಿ ಆ ಅಂತರ 87%. ಅಂದರೆ ಒಬ್ಬನಿಗೆ ಊಟ, ಇನ್ನೊಬ್ಬನಿಗೆ ಹೆಚ್ಚುಕಮ್ಮಿ ಎರಡು ಊಟ, ಬೆಲೆ ಮಾತ್ರ ಒಂದೇ. ಜುಲೈನಲ್ಲಿ ಕಂಪನಿಯೂ ಸ್ವಲ್ಪ ಇಳಿಯಿತು. ಸುಮಾರು 10% ಅಂಗಡಿಗಳಲ್ಲಿ ಬಡಿಸುವುದು ಸರಿಯಿಲ್ಲ, ಅಲ್ಲಿಯವರಿಗೆ ಮತ್ತೆ ತರಬೇತಿ ಕೊಡುತ್ತೇವೆ ಅಂತ ಹೇಳಿತು.

ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಎದುರಿಗೆ ಹಸಿದ ಮುಖ ಇದ್ದರೆ ಬಡಿಸುವ ಕೈ ಧಾರಾಳವಾಗುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸಿದವರಿಗೆ ಇದು ಗೊತ್ತು. ಆನ್‌ಲೈನ್ ಆರ್ಡರ್ ಹಿಂದಿನ ಕೋಣೆಯ ಇನ್ನೊಂದು ಸಾಲಿನಲ್ಲಿ ತಯಾರಾಗುತ್ತದೆ. ಅಲ್ಲಿ ಮುಖ ಇಲ್ಲ, ಬರೀ ಚೀಟಿ. ಒಂದರ ಹಿಂದೆ ಒಂದು ಚೀಟಿ.

ನನ್ನದೂ ಒಂದು ಕಥೆ ಇದೆ. ಅಂಗಡಿಯ ಹೆಸರು ಬೇಡ, ಬುರಿಟೊ ಬೌಲ್ ಮಾರುವ ಒಂದು ಕಡೆ ಅಂತಿಟ್ಟುಕೊಳ್ಳಿ. ಮಳೆಯ ದಿನ ಆ್ಯಪ್‌ನಲ್ಲಿ ಆರ್ಡರ್ ಮಾಡಿ ಮನೆಗೆ ತಂದೆ. ಮುಚ್ಚಳ ತೆಗೆದರೆ ಮೇಲೆ ಸೊಪ್ಪಿನ ಗುಡ್ಡೆ, ಕೆಳಗೆ ಬಟ್ಟಲಿನ ತಳ ಕಾಣುತ್ತಿದೆ. ಚಪಾತಿ ಹಿಟ್ಟು ತೂಗುವ ತಕ್ಕಡಿಯ ಮೇಲೆ ಇಟ್ಟೆ: 410 ಗ್ರಾಂ. ಮುಂದಿನ ವಾರ ಅಲ್ಲಿಗೇ ಹೋಗಿ, ಅದನ್ನೇ ನಿಂತು ತಂದೆ: 640. ಹೆಂಡತಿ ತಕ್ಕಡಿ ಒಳಗಿಟ್ಟು ಬೀರು ಬಾಗಿಲು ಹಾಕಿದಳು, ಇನ್ನು ಊಟ ತೂಗಿ ತಿನ್ನುವ ಗಂಡ ಬೇಡ ಅಂತ.

ಒಂದು ಮಾತು ಕೆಲಸದವರ ಪರವಾಗಿ. ಕಡಿಮೆ ಹಾಕಿದರೆ ಗಿರಾಕಿ ಬೈಯುತ್ತಾನೆ, ಜಾಸ್ತಿ ಹಾಕಿದರೆ ಮ್ಯಾನೇಜರ್ ಲೆಕ್ಕ ಕೇಳುತ್ತಾನೆ. ಮಾಂಸದ ಸೌಟಿಗೆ 4 ಔನ್ಸ್, ಅಂದರೆ ಸುಮಾರು 113 ಗ್ರಾಂ ಅನ್ನುವ ಅಳತೆ ಇದೆ. ಆದರೆ ಅವರ ಕೈಯಲ್ಲಿರುವುದು ಸೌಟು, ತಕ್ಕಡಿ ಅಲ್ಲ. ಅವರ ಮುಖಕ್ಕೆ ಫೋನ್ ಹಿಡಿಯುವುದು ನನಗಂತೂ ಸರಿ ಕಾಣುವುದಿಲ್ಲ.

2015ರಲ್ಲಿ ಜನರಿಗೆ ಹುಷಾರು ತಪ್ಪಿತ್ತಂತೆ, ಏನಾಗಿತ್ತು?

ಒಂದಲ್ಲ, ಒಂದೇ ವರ್ಷದಲ್ಲಿ ಸಾಲುಸಾಲು. ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿ ವಾಂತಿ-ಭೇದಿ ತರುವ ನೊರೊವೈರಸ್. ಆಮೇಲೆ ಮಿನೆಸೋಟದಲ್ಲಿ ಟೊಮೆಟೊದಿಂದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ. ಅಕ್ಟೋಬರ್ ಹೊತ್ತಿಗೆ ವಾಷಿಂಗ್ಟನ್, ಓರೆಗಾನ್ ಕಡೆ ಇ. ಕೊಲೈ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ. ಆ ಎರಡು ರಾಜ್ಯದ ಭಾಗದ 43 ಅಂಗಡಿಗಳನ್ನು ಮುಚ್ಚಿದರು. ಅದು ಬೇರೆ ರಾಜ್ಯಗಳಿಗೂ ಹರಡಿ, ಎರಡು ಕಂತಿನಲ್ಲಿ 60 ಜನರಿಗೆ ತಗುಲಿತು. ಯಾರೂ ಸಾಯಲಿಲ್ಲ, ಪುಣ್ಯ. ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಮತ್ತೆ ನೊರೊವೈರಸ್. ಬಾಸ್ಟನ್ ಕಾಲೇಜಿನ ಹುಡುಗರು ನೂರರ ಮೇಲೆ ಮಲಗಿದರು, ಅವರ ಬ್ಯಾಸ್ಕೆಟ್‌ಬಾಲ್ ತಂಡದವರೂ ಸೇರಿ.

ಇ. ಕೊಲೈ ಯಾವ ಸಾಮಾನಿನಿಂದ ಬಂತು ಅನ್ನುವುದು ಕೊನೆಗೂ ಪತ್ತೆಯಾಗಲಿಲ್ಲ. ಇಪ್ಪತ್ತು ಸಾಮಾನು ಒಂದೇ ಬಟ್ಟಲಲ್ಲಿ ಬೆರೆಯುವಾಗ ಯಾರನ್ನು ಅಂತ ಹಿಡಿಯುವುದು?

ವಿಪರ್ಯಾಸ ಏನೆಂದರೆ, ಅದೇ ವರ್ಷದ ಏಪ್ರಿಲ್‌ನಲ್ಲಿ ಕಂಪನಿ ಕುಲಾಂತರಿ ಸಾಮಾನು ಬಳಸುವುದನ್ನು ಬಿಟ್ಟೆವು ಅಂತ ಡಂಗುರ ಹೊಡೆದಿತ್ತು. ಜನವರಿಯಲ್ಲಿ ಹಂದಿ ಸಾಕುವ ಪೂರೈಕೆದಾರನೊಬ್ಬ ನಿಯಮ ಮುರಿದ ಅಂತ, ಮೂರನೇ ಒಂದು ಭಾಗ ಅಂಗಡಿಗಳಲ್ಲಿ ಹಂದಿಮಾಂಸವನ್ನೇ ನಿಲ್ಲಿಸಿತ್ತು. ದೊಡ್ಡ ತತ್ವಗಳೆಲ್ಲ ಸರಿ ಇದ್ದವು. ಎಡವಿದ್ದು ಅಡುಗೆಮನೆಯ ಶುಚಿಯ ಹತ್ತಿರ.

2016ರ ಫೆಬ್ರುವರಿ 8ರಂದು ದೇಶದ ಎಲ್ಲ ಅಂಗಡಿಗಳನ್ನೂ ಕೆಲವು ಗಂಟೆ ಮುಚ್ಚಿ ಕೆಲಸದವರ ಸಭೆ ಮಾಡಿದರು. ಟೊಮೆಟೊ ಹೆಚ್ಚುವುದನ್ನು ಅಂಗಡಿಯಿಂದ ದೊಡ್ಡ ಅಡುಗೆಮನೆಗೆ ಸಾಗಿಸಿದರು. ನಿಂಬೆ, ಈರುಳ್ಳಿ, ಬೆಣ್ಣೆಹಣ್ಣುಗಳನ್ನು ಕುದಿಯುವ ನೀರಲ್ಲಿ ಐದು ಸೆಕೆಂಡ್ ಅದ್ದಿ ತೆಗೆಯುವ ಪದ್ಧತಿ ತಂದರು. ಬುರಿಟೊ ಪುಕ್ಕಟೆ ಹಂಚಿದರು. 2018ರಲ್ಲಿ ಓಹಾಯೊದ ಪೊವೆಲ್‌ನಲ್ಲಿ ಮತ್ತೆ ಆರುನೂರಕ್ಕೂ ಹೆಚ್ಚು ಜನರಿಗೆ ಹೊಟ್ಟೆ ಕೆಟ್ಟಿತು. ಕೊನೆಗೆ 2020ರಲ್ಲಿ ಕ್ರಿಮಿನಲ್ ಕೇಸಿನಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಆಹಾರ ಸುರಕ್ಷತೆಯ ಕೇಸಿನಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ದಂಡ ಬಿದ್ದಿರಲಿಲ್ಲ. ಹುಷಾರಿಲ್ಲದ ಕೆಲಸದವರು ಮನೆಯಲ್ಲಿರದೆ ಕೆಲಸಕ್ಕೆ ಬಂದದ್ದು ಅದರಲ್ಲಿ ಎದ್ದು ಕಂಡ ಕಾರಣ. ಮತ್ತೆ ಅದೇ ಕೈಯ ಹತ್ತಿರ ಬಂದು ನಿಲ್ಲುತ್ತೇವೆ.

ಎದುರಾಳಿಗಳು ಯಾರು? ಕ್ಯುಡೋಬಾ ಅಂದ್ರೆ ಅದರದ್ದೇ ನಕಲಾ?

ನಕಲು ಅನ್ನಬೇಡಿ, ಅಣ್ಣತಮ್ಮ ಅನ್ನಿ. ಕ್ಯುಡೋಬಾ ಕೂಡ ಡೆನ್ವರ್‌ನದ್ದೇ, 1995ರಲ್ಲಿ ಬೇರೆ ಹೆಸರಲ್ಲಿ ಶುರುವಾಯಿತು. 2003ರಲ್ಲಿ ಜ್ಯಾಕ್ ಇನ್ ದ ಬಾಕ್ಸ್ ಕಂಪನಿ ಅದನ್ನು 4.5 ಕೋಟಿ ಡಾಲರಿಗೆ ಕೊಂಡು, 2018ರಲ್ಲಿ 30.5 ಕೋಟಿಗೆ ಮಾರಿತು. 2014ರಲ್ಲಿ ಕ್ಯುಡೋಬಾ ಒಂದು ಜಾಣತನ ಮಾಡಿತು. ಗ್ವಾಕಮೋಲೆ, ಕೇಸೊ ಎರಡಕ್ಕೂ ಬೇರೆ ದುಡ್ಡು ಇಲ್ಲ ಅಂತ ಸಾರಿತು. ಕೇಸೊ ಅಂದರೆ ಬಿಸಿ ಚೀಸ್ ಸಾರು. ಅದರ ವಿಷಯದಲ್ಲಂತೂ ಕ್ಯುಡೋಬಾ ಮುಂದೆ. ಚಿಪೋಟ್ಲೆ 2017ರಲ್ಲಿ ತಂದ ಕೇಸೊ ಬಾಯಲ್ಲಿ ಮರಳು ಮರಳಾಗಿದೆ ಅಂತ ಜನ ಬೈದರು. 2020ರಲ್ಲಿ ಬೇರೆಯದನ್ನೇ ತರಬೇಕಾಯಿತು.

ಮೋಸ್ ಸೌತ್‌ವೆಸ್ಟ್ ಗ್ರಿಲ್ 2000ದಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದ್ದು. ಹೆಸರು ಕೇಳಿ ಕನ್ನಡದವರು ಹಿಂಜರಿಯಬೇಡಿ, ಮೋಸ ಇಲ್ಲ. ಒಳಗೆ ಕಾಲಿಟ್ಟ ಕೂಡಲೇ ಕೆಲಸದವರೆಲ್ಲ ಒಟ್ಟಿಗೆ ಕೂಗಿ ಸ್ವಾಗತಿಸುತ್ತಾರೆ. ನಾಚಿಕೆ ಸ್ವಭಾವದವರಿಗೆ ಕಷ್ಟ. ಬುರಿಟೊ ಜೊತೆ ಚಿಪ್ಸ್ ಪುಕ್ಕಟೆ ಕೊಡುತ್ತಾ ಬಂದಿರುವುದು ಅದರ ಹೆಚ್ಚುಗಾರಿಕೆ.

ಬಾಹಾ ಫ್ರೆಶ್ ಕಥೆ ಪಾಠದ ಹಾಗಿದೆ. 2002ರಲ್ಲಿ ವೆಂಡೀಸ್ ಕಂಪನಿ 27.5 ಕೋಟಿ ಡಾಲರ್ ಸುರಿದು ಕೊಂಡಿತು. 2006ರಲ್ಲಿ 3.1 ಕೋಟಿಗೆ ಮಾರಿತು. ಬರ್ಗರ್ ಮಾರುವವರಿಗೆ ಬುರಿಟೊ ಅಂಗಡಿ ನಡೆಸುವುದು ಬರಲೇಬೇಕು ಅಂತೇನಿಲ್ಲ.

ಟ್ಯಾಕೊ ಬೆಲ್ ಬೇರೆ ಜಾತಿ. 1962ರಲ್ಲಿ ಗ್ಲೆನ್ ಬೆಲ್ ಶುರು ಮಾಡಿದ್ದು, ಅಗ್ಗ, ತಡರಾತ್ರಿಯ ಹೊಟ್ಟೆಗೆ. ಅದನ್ನು ಇದರ ಜೊತೆ ಹೋಲಿಸುವುದೇ ತಪ್ಪು ಅನ್ನುವವರಿದ್ದಾರೆ. ಆದರೆ ಚಿಪೋಟ್ಲೆಯನ್ನು 2018ರಲ್ಲಿ ಮೇಲೆತ್ತಿದ ನಿಕ್ಕಲ್ ಬಂದದ್ದು ಟ್ಯಾಕೊ ಬೆಲ್‌ನಿಂದಲೇ. ಕಂಪನಿಯ ಮುಖ್ಯ ಕಚೇರಿಯನ್ನೇ ಡೆನ್ವರ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಎಳೆದುಕೊಂಡು ಹೋದ. 2024ರಲ್ಲಿ ಸ್ಟಾರ್‌ಬಕ್ಸ್ ಕರೆದಾಗ ಅಲ್ಲಿಗೆ ಹೊರಟ.

ಇವತ್ತಿನ ನಿಜವಾದ ಪೈಪೋಟಿ ಬುರಿಟೊ ಮಾರದವರಿಂದ ಬರುತ್ತಿದೆ. ಕಾವಾ ಅದೇ ಸಾಲು, ಅದೇ ಸೌಟು ಇಟ್ಟುಕೊಂಡು ಮೆಡಿಟರೇನಿಯನ್ ಊಟ ಕೊಡುತ್ತದೆ. 2023ರ ಜೂನ್‌ನಲ್ಲಿ ಅದೂ 22 ಡಾಲರಿಗೇ ಷೇರು ಬಿಟ್ಟಿತು, ಮೊದಲ ದಿನವೇ ದುಪ್ಪಟ್ಟಾಯಿತು. ಜಾತಕ ಒಂದೇ ಇದ್ದ ಹಾಗಿದೆ, ಅಲ್ವಾ? ಸ್ವೀಟ್‌ಗ್ರೀನ್ ಸೊಪ್ಪು ಸದೆಯ ಸಲಾಡ್ ಮಾರುತ್ತದೆ. 2023ರಲ್ಲಿ ಅದು ತನ್ನ ಬೌಲ್ ಒಂದಕ್ಕೆ ಚಿಪೋಟ್ಲೆ ಅನ್ನುವ ಹೆಸರು ಸೇರಿಸಿತು. ಚಿಪೋಟ್ಲೆ ಕೋರ್ಟಿಗೆ ಹೋಯಿತು. ಕೆಲವೇ ದಿನಗಳಲ್ಲಿ ಸ್ವೀಟ್‌ಗ್ರೀನ್ ಹೆಸರು ಬದಲಾಯಿಸಿತು. ಸಾವಿರಾರು ವರ್ಷದ ಮೆಣಸಿನಕಾಯಿಯ ಹೆಸರಿಗೆ ಒಂದು ಕಂಪನಿ ಹಕ್ಕು ಸಾಧಿಸುವುದು ವಿಚಿತ್ರ ಅನ್ನಿಸುತ್ತದೆ. ಬೆಣ್ಣೆ ದೋಸೆಯ ಮೇಲೆ ದಾವಣಗೆರೆಯ ಒಂದೇ ಒಂದು ಹೋಟೆಲು ಹಕ್ಕು ಹೇಳಿದ ಹಾಗೆ.

ಬುರಿಟೊ ಸ್ಯಾಂಡ್‌ವಿಚ್ಚಾ?

ನಗಬೇಡಿ, ಎರಡು ಕೋರ್ಟು ತಲೆ ಕೆಡಿಸಿಕೊಂಡಿವೆ. 2006ರಲ್ಲಿ ಮ್ಯಾಸಚೂಸೆಟ್ಸ್‌ನ ಶ್ರೂಸ್‌ಬರಿಯ ಒಂದು ಅಂಗಡಿ ಸಂಕೀರ್ಣದಲ್ಲಿ ಪನೇರಾ ಬೇಕರಿ ಇತ್ತು. ಇನ್ನೊಂದು ಸ್ಯಾಂಡ್‌ವಿಚ್ ಅಂಗಡಿಗೆ ಜಾಗ ಕೊಡಬಾರದು ಅಂತ ಅದರ ಬಾಡಿಗೆ ಕರಾರು. ಕ್ಯುಡೋಬಾ ಬಂತು. ಪನೇರಾ ಆಕ್ಷೇಪ ಎತ್ತಿತು. ನ್ಯಾಯಾಧೀಶರು ನಿಘಂಟು ತೆಗೆದು ನೋಡಿ, ಸ್ಯಾಂಡ್‌ವಿಚ್‌ಗೆ ಎರಡು ಬ್ರೆಡ್ ಹೋಳು ಬೇಕು, ಬುರಿಟೊಗೆ ಇರುವುದು ಒಂದೇ ಟಾರ್ಟಿಯಾ, ಆದ್ದರಿಂದ ಅಲ್ಲ ಅಂದರು. 2024ರಲ್ಲಿ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಇನ್ನೊಬ್ಬ ನ್ಯಾಯಾಧೀಶರು ಟ್ಯಾಕೊ, ಬುರಿಟೊ ಎರಡೂ ಮೆಕ್ಸಿಕನ್ ಶೈಲಿಯ ಸ್ಯಾಂಡ್‌ವಿಚ್ ಅಂದರು. ಎರಡೂ ತೀರ್ಪಿನಿಂದ ಬುರಿಟೊ ಅಂಗಡಿಯವರಿಗೆ ಅನುಕೂಲವೇ ಆಯಿತು.

ಷೇರು ಯಾಕೆ ಬಿತ್ತು? ವ್ಯಾಪಾರ ಕೆಟ್ಟಿತಾ?

2024ರ ಜೂನ್‌ನಲ್ಲಿ ಒಂದು ಷೇರಿನ ಬೆಲೆ 3,000 ಡಾಲರ್ ದಾಟಿತ್ತು. ಒಂದನ್ನು 50 ಮಾಡಿ ಹಂಚಿದರು. ಆ ವರ್ಷದ ವಹಿವಾಟು ಸುಮಾರು 1,130 ಕೋಟಿ ಡಾಲರ್, ಅಂಗಡಿ 3,700ರ ಮೇಲೆ. ಆಮೇಲೆ ಗಾಳಿ ತಿರುಗಿತು. 2025ರ ಮೊದಲ ಮೂರು ತಿಂಗಳಲ್ಲಿ ಹಳೆಯ ಅಂಗಡಿಗಳ ವ್ಯಾಪಾರ 0.4% ಇಳಿಯಿತು, ಮುಂದಿನ ಮೂರು ತಿಂಗಳಲ್ಲಿ 4%. ನಿಕ್ಕಲ್ ಜಾಗಕ್ಕೆ ಬಂದ ಸ್ಕಾಟ್ ಬೋಟ್‌ರೈಟ್ ಅಕ್ಟೋಬರ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ದುಡಿಯುವವರು, ಅದರಲ್ಲೂ 25ರಿಂದ 34 ವಯಸ್ಸಿನವರು ಬರುವುದನ್ನು ಕಡಿಮೆ ಮಾಡಿದ್ದಾರೆ ಅಂತ. ಕಾವಾ, ಸ್ವೀಟ್‌ಗ್ರೀನ್‌ಗೂ ಆ ವರ್ಷ ಏದುಸಿರೇ.

ಕ್ಯಾಲಿಫೋರ್ನಿಯಾದಲ್ಲಿ 2024ರ ಏಪ್ರಿಲ್‌ನಿಂದ ಇಂಥ ದೊಡ್ಡ ಸರಣಿಗಳ ಕೆಲಸದವರಿಗೆ ಗಂಟೆಗೆ ಕನಿಷ್ಠ 20 ಡಾಲರ್ ಕೊಡಬೇಕು ಅನ್ನುವ ಕಾನೂನು ಬಂತು. ಚಿಪೋಟ್ಲೆ ಅಲ್ಲಿ ಬೆಲೆಯನ್ನು ಆರೇಳು ಶೇಕಡಾ ಏರಿಸಿತು. ಗಿರಾಕಿ ಓಡಿದ್ದು ಬೆಲೆಯಿಂದ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಬೆಲೆ ಏರಿದಾಗಲೂ ಜನ ಬಂದರು, ಬಟ್ಟಲು ತುಂಬಿರುತ್ತಿತ್ತು. ಬೆಲೆ ಏರಿ, ಬಟ್ಟಲೂ ಹಗುರ ಅನ್ನಿಸಿದಾಗ ಬಿಟ್ಟರು.

ಷೇರು ಕೊಳ್ಳಬೇಕಾ ಅಂತ ನನ್ನನ್ನು ಕೇಳಬೇಡಿ. ಊಟದ ವಿಷಯ ಮಾತ್ರ ಕೇಳಿ.

ಕೆಲಸದವರ ಸ್ಥಿತಿ ಹೇಗೆ?

ಅಷ್ಟಕ್ಕಷ್ಟೆ. 2022ರ ಆಗಸ್ಟ್‌ನಲ್ಲಿ ಮಿಷಿಗನ್‌ನ ಲ್ಯಾನ್ಸಿಂಗ್ ಅಂಗಡಿಯವರು ಮತ ಹಾಕಿ ಮೊದಲ ಸಂಘ ಕಟ್ಟಿದರು. ಅದಕ್ಕೆ ಮುಂಚೆ ಮೇನ್ ರಾಜ್ಯದ ಆಗಸ್ಟಾದಲ್ಲಿ ಸಂಘ ಬೇಕು ಅಂದಾಗ ಕಂಪನಿ ಆ ಅಂಗಡಿಯನ್ನೇ ಮುಚ್ಚಿತ್ತು. ಅದೇ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ನಗರದ ಜೊತೆ 2 ಕೋಟಿ ಡಾಲರಿನ ರಾಜಿ ಆಯಿತು. ಪಾಳಿಯ ವೇಳೆ ಮೊದಲೇ ತಿಳಿಸದೆ ಬದಲಾಯಿಸಿದ್ದು, ಹುಷಾರಿಲ್ಲದಾಗ ರಜೆಯ ನಿಯಮ ಪಾಲಿಸದ್ದು ಅಲ್ಲಿದ್ದ ದೂರು.

ರೋಬೋ ಬಂದಿದೆಯಂತೆ?

ಬೆಣ್ಣೆಹಣ್ಣು ಕೊಯ್ದು, ಬೀಜ ತೆಗೆದು, ಸಿಪ್ಪೆ ಸುಲಿಯುವ ಆಟೊಕಾಡೊ ಅನ್ನುವ ಯಂತ್ರವನ್ನು 2023ರಲ್ಲಿ ತೋರಿಸಿದರು. ಒಂದು ಹಣ್ಣಿಗೆ 26 ಸೆಕೆಂಡ್. ಕಿವುಚುವುದು ಮಾತ್ರ ಮನುಷ್ಯರೇ. ನಮ್ಮಜ್ಜಿ ಹಲಸಿನ ಹಣ್ಣು ಬಿಡಿಸುವುದನ್ನು ನೋಡಿದ್ದರೆ ಆ ಎಂಜಿನಿಯರುಗಳು ಯಂತ್ರ ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದರು.

ಆರೋಗ್ಯಕ್ಕೆ ಒಳ್ಳೆಯದಾ?

ಕೂಡಿ ನೋಡೋಣ. ಟಾರ್ಟಿಯಾ 320 ಕ್ಯಾಲೊರಿ. ಅನ್ನ 210, ಕಪ್ಪು ಕಾಳು 130, ಕೋಳಿ 180, ಚೀಸ್ 110, ಹುಳಿ ಕ್ರೀಮ್ 110, ಗ್ವಾಕಮೋಲೆ 230. ಒಟ್ಟು 1,290. ಟಾರ್ಟಿಯಾ, ಚೀಸ್, ಕ್ರೀಮ್ ಬಿಟ್ಟರೆ 750. ಉಪ್ಪು ಇದಕ್ಕಿಂತ ದೊಡ್ಡ ತಲೆನೋವು, ಒಂದು ಟಾರ್ಟಿಯಾದಲ್ಲೇ 600 ಮಿಲಿಗ್ರಾಂ ಸೋಡಿಯಂ ಇದೆ. ಬಿಪಿ ಇರುವವರು ಬೌಲ್ ತೆಗೆದುಕೊಳ್ಳಿ, ಸಾಲ್ಸಾ ಒಂದೇ ಬಗೆಯದು ಹಾಕಿಸಿಕೊಳ್ಳಿ.

ಬೆಂಗಳೂರಿಗೆ ಚಿಪೋಟ್ಲೆ ಬಂದಿದೆಯಾ?

ಇಲ್ಲ. ಹೊರದೇಶದ ವಿಷಯದಲ್ಲಿ ಅದು ಬಹಳ ನಿಧಾನ. 2024ರಲ್ಲಿ ಕುವೈತ್‌ನಲ್ಲಿ ಅಲ್ಶಾಯಾ ಸಂಸ್ಥೆಯ ಜೊತೆ ಬಾಗಿಲು ತೆರೆಯಿತು. 2025ರಲ್ಲಿ ಮೆಕ್ಸಿಕೊಗೇ ಹೋಗುತ್ತೇವೆ ಅಂತ ಅಲ್ಸೆಯಾ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಧೈರ್ಯ ಮೆಚ್ಚಬೇಕು. ಟ್ಯಾಕೊ ಬೆಲ್ ಅಲ್ಲಿ ಎರಡು ಸಲ ಮುಗ್ಗರಿಸಿದೆ, ಎರಡನೇ ಸಲ ಫ್ರೆಂಚ್ ಫ್ರೈಸ್ ಕೂಡ ಇಟ್ಟು ನೋಡಿತ್ತು. ಮೈಸೂರಿನಲ್ಲಿ ಯಾರೋ ಬಂದು ಮೈಸೂರುಪಾಕ್ ಮಾರಿದ ಹಾಗೆ.

ಬೆಂಗಳೂರಿನಲ್ಲಿ ಇರುವುದು ಬೇರೆಯವರು. ಟ್ಯಾಕೊ ಬೆಲ್ ಭಾರತಕ್ಕೆ ಕಾಲಿಟ್ಟಿದ್ದೇ 2010ರಲ್ಲಿ, ಮಲ್ಲೇಶ್ವರದ ಮಂತ್ರಿ ಮಾಲ್‌ನಲ್ಲಿ. ಬರ್ಟ್ ಮುಲ್ಲರ್ ಅನ್ನುವ ಅಮೆರಿಕದ ಹುಡುಗ ಭಾರತಕ್ಕೆ ಓದಲು ಬಂದು, ಆಮೇಲೆ 2012ರಲ್ಲಿ ಬೆಂಗಳೂರಿನಲ್ಲೇ ಕ್ಯಾಲಿಫೋರ್ನಿಯಾ ಬುರಿಟೊ ಶುರು ಮಾಡಿದ. ಮೊದಲ ಅಂಗಡಿ ದೊಮ್ಮಲೂರಿನ ಹತ್ತಿರದ ಎಂಬೆಸಿ ಗಾಲ್ಫ್ ಲಿಂಕ್ಸ್ ಟೆಕ್ ಪಾರ್ಕಿನಲ್ಲಿ. ಸಾಲು, ಗಾಜು, ಸೌಟು ಎಲ್ಲ ಇದೇ ಕ್ರಮ, ಜೊತೆಗೆ ಪನೀರ್. ಅಮೆರಿಕದಿಂದ ರಜಕ್ಕೆ ಬಂದ ನಮ್ಮವರು ಅಲ್ಲಿ ನಿಂತು "ಅಲ್ಲಿಯ ಥರ ಇಲ್ಲ" ಅನ್ನುತ್ತಾರೆ. ಅದೇ ಜನ ಅಮೆರಿಕದಲ್ಲಿ ದೋಸೆ ತಿಂದು "ಊರಿನ ಥರ ಇಲ್ಲ" ಅನ್ನುತ್ತಾರೆ.

ಕೊನೆಗೆ, ನೀವು ಎಲ್ಲಿ ತಿನ್ನುತ್ತೀರಿ? ಏನು ತೆಗೆದುಕೊಳ್ಳುತ್ತೀರಿ?

ಕೇಸೊ ಬೇಕಾದ ದಿನ ಕ್ಯುಡೋಬಾ. ಹೊಸ ರುಚಿ ಬೇಕಾದ ದಿನ ಕಾವಾ, ಅಲ್ಲಿಯ ಹರಿಸ್ಸಾ ಚಟ್ನಿ ನಮ್ಮ ನಾಲಿಗೆಗೆ ಹಿಡಿಸುತ್ತದೆ. ಹತ್ತಿರದಲ್ಲಿ ಮೆಕ್ಸಿಕೊದವರೇ ನಡೆಸುವ ಸಣ್ಣ ಟಾಕೆರಿಯಾ, ಅಂದರೆ ಟ್ಯಾಕೊ ಅಂಗಡಿ, ಇದ್ದರೆ ಇವೆಲ್ಲ ಬಿಟ್ಟು ಅಲ್ಲಿಗೇ ಹೋಗುತ್ತೇನೆ.

ಚಿಪೋಟ್ಲೆಗೆ ಹೋದರೆ ಆ್ಯಪ್ ಮುಟ್ಟುವುದಿಲ್ಲ. ಮಧ್ಯಾಹ್ನದ ನೂಕುನುಗ್ಗಲಿಗೆ ಮೊದಲೇ, ಹನ್ನೊಂದೂವರೆಗೆ ಹೋಗಿ ನಿಲ್ಲುತ್ತೇನೆ. ತರಕಾರಿ ಬೌಲ್, ಎರಡೂ ಕಾಳು ಅರ್ಧರ್ಧ, ಕೆಂಪು ಖಾರದ ಸಾಲ್ಸಾ, ಗ್ವಾಕಮೋಲೆ. ಟಾರ್ಟಿಯಾ ಪಕ್ಕಕ್ಕೆ ಒಂದು ಕೇಳಿ ತೆಗೆದುಕೊಳ್ಳುತ್ತೇನೆ, ಅದಕ್ಕೆ ಚಿಲ್ಲರೆ ಕಾಸು ಬೇರೆ. ಅರ್ಧ ಬೌಲ್ ಮಧ್ಯಾಹ್ನಕ್ಕೆ. ಉಳಿದರ್ಧ ಸಂಜೆ ಕಾವಲಿಯ ಮೇಲೆ ಬಿಸಿ ಮಾಡಿದ ಟಾರ್ಟಿಯಾದೊಳಗೆ, ಮೇಲೆ ಒಂದು ಚಮಚ ಚಟ್ನಿಪುಡಿ.